ಬೋನು ಆಮೇಲೆ, ಮೊದಲು ಕಸದ ಡಬ್ಬಿಗೆ ಮುಚ್ಚಳ

ಮುಂಬೈಯ ಬೊರಿವಲಿ ಕಡೆಯ ನಮ್ಮ ಸೊಸೈಟಿ ಗ್ರೂಪಲ್ಲಿ ನಿನ್ನೆ ಮತ್ತೆ ಸಿಸಿಟಿವಿ ತುಣುಕು. ಕಾಂಪೌಂಡ್ ಮೇಲೆ ಹನ್ನೊಂದು ಸೆಕೆಂಡು ಚಿರತೆ, ಅದರ ಕೆಳಗೆ ಎಂಬತ್ತು ಮೆಸೇಜು, ಎಲ್ಲದರಲ್ಲೂ ಒಂದೇ ರಾಗ: ಬೋನು ಇಡಿಸಿ. ಬರೆದವರಲ್ಲಿ ಅರ್ಧ ನಮ್ಮ ತುಳುನಾಡಿನವರೇ, ಊರಿಗೆ ಹೋದರೆ ಹುಲಿದೈವ ಪಿಲಿಚಾಮುಂಡಿಯ ನೇಮದಲ್ಲಿ ಕೈಮುಗಿದು ನಿಲ್ಲುವವರು!

ಬೋನಿಗೆ ಬೀಳುವುದು ಆ ದಾರಿಯಲ್ಲಿ ಮೊದಲು ಬಂದ ಚಿರತೆ, ತಪ್ಪು ಮಾಡಿದ್ದೇ ಆಗಬೇಕೆಂದಿಲ್ಲ. ಅದನ್ನು ಎತ್ತಿದಿರೋ, ಖಾಲಿ ಜಾಗಕ್ಕೆ ಪ್ರಾಯದ ಇನ್ನೊಂದು ಬರುತ್ತದೆ. ಯಾವ ಗಲ್ಲಿಯಲ್ಲಿ ಎಷ್ಟು ಹೊತ್ತಿಗೆ ಜನ ಇರ್ತಾರೆ ಅಂತ ಈ ಹೊಸಬನಿಗೆ ಅಂದಾಜೇ ಇಲ್ಲ. ಪುಣೆ ಜಿಲ್ಲೆಯ ಜುನ್ನರ್ ಕಬ್ಬಿನ ಗದ್ದೆಗಳಲ್ಲಿ ಹಿಡಿದ ಚಿರತೆಗಳನ್ನು ಬೇರೆ ಕಾಡಿಗೆ ಬಿಟ್ಟ ಮೇಲೆ, ಬಿಟ್ಟ ಜಾಗದ ಸುತ್ತಲೇ ದಾಳಿ ಹೆಚ್ಚಿದ್ದನ್ನು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯಾ ದಾಖಲಿಸಿದ್ದಾರೆ. ನಮ್ಮ ಪಕ್ಕದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಹೊರಗಿನವನ್ನು ತಂದು ಬಿಟ್ಟಿದ್ದರು. 2004ರಲ್ಲಿ ಮುಂಬೈ ಕಂಡ ಸಾಲು ಸಾಲು ಚಿರತೆ ದಾಳಿ ಮರೆತುಹೋಯಿತೇ?

ಉದ್ಯಾನದ ಪಕ್ಕದ ಆರೆ ಕಾಡಿನ ವಾರ್ಲಿ ಆದಿವಾಸಿಗಳ ಪಾಡಾಗಳಲ್ಲಿ (ಹಾಡಿಗಳಲ್ಲಿ) ಸಿಂಧೂರ ಬಳಿದ ಹುಲಿ-ಚಿರತೆಯ ದೇವರು ವಾಘೋಬಾ ಇದ್ದಾನೆ, ದೀಪಾವಳಿಗೆ ಮುಂಚೆ ಅವನ ಹಬ್ಬ ವಾಘಬಾರಸ್ ಮಾಡ್ತಾರೆ. ಆದರೆ ಅವರನ್ನು ಕಾಯುವುದು ಬರೀ ಭಕ್ತಿ ಅಲ್ಲ. ಕತ್ತಲಾಗುವ ಮುಂಚೆ ಆಡು ಒಳಗೆ, ಮಕ್ಕಳು ಒಂಟಿಯಾಗಿ ಹೊರಗಿಲ್ಲ, ಹೊರಟರೆ ಟಾರ್ಚು, ಜೊತೆಗೆ ಮೊಬೈಲಲ್ಲಿ ಜೋರಾಗಿ ಹಾಡು. ಆಡಿನ ಕೊಟ್ಟಿಗೆಗೆ ಗೋಡೆ ಎಷ್ಟೆತ್ತರ ಇದ್ದರೂ ಮೇಲೆ ಗಟ್ಟಿ ಸೂರು ಇಲ್ಲದಿದ್ದರೆ ಅದು ಕೊಟ್ಟಿಗೆಯಲ್ಲ, ಊಟದ ಡಬ್ಬಿ. ಒಳಗೆ ಹಾರಿದ ಚಿರತೆಯಿಂದ ಆಡುಗಳಿಗೆ ಓಡಲು ದಾರಿಯಿಲ್ಲ. ಗಾಬರಿಯಲ್ಲಿ ಅವು ಒದ್ದಾಡಿದಷ್ಟೂ ಅದು ಕೊಲ್ಲುತ್ತದೆ, ಒಂದಲ್ಲ, ಒಮ್ಮೊಮ್ಮೆ ಎಲ್ಲವನ್ನೂ. ಬಾಗಿಲಿನ ಸಂದಿಗೂ ತಂತಿ ಬಲೆ ಬೇಕು, ಚಿಲಕ ಹೊರಗಿಂದ ಬೇಕು.

ನಮ್ಮಲ್ಲಿ? ಹೋಟೆಲಿನವರು (ಹೌದು, ನಮ್ಮವರೇ) ರಾತ್ರಿ ಷಟರ್ ಎಳೆದು ಉಳಿದ ಅನ್ನ, ಮೂಳೆಯನ್ನು ಗೋಡೆ ಬದಿಗೆ ಸುರೀತಾರೆ. ಕಸಕ್ಕೆ ನಾಯಿ ಬರುತ್ತದೆ, ನಾಯಿಗೆ ಚಿರತೆ. ಆಮಂತ್ರಣ ಕೊಟ್ಟವರೇ ಅತಿಥಿಗೆ ಬೋನು ಕೇಳ್ತಾರೆ.

"ನಿಮ್ಮ ಮಗು ಆಗಿದ್ದರೆ?" ಅಂತ ಒಬ್ಬರು ಕೇಳಿದರು. 2022ರ ದೀಪಾವಳಿಯಂದು ಆರೆಯಲ್ಲಿ ಒಂದೂವರೆ ವರ್ಷವೂ ತುಂಬದ ಮಗು ಚಿರತೆ ದಾಳಿಗೆ ಹೋಯಿತು. ಅದಕ್ಕೆ ನನ್ನ ಬಳಿ ಜಾಣ ಉತ್ತರ ಇಲ್ಲ. ನನಗೂ ಭಯ ಇದೆ, ಸುಳ್ಳೇಕೆ? ಆದರೆ ಭಯಕ್ಕೆ ಬೇಕಾದ್ದು ದೀಪ, ಮನೆಯೊಳಗೇ ಶೌಚಾಲಯ. ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತ ಮನುಷ್ಯ ಚಿರತೆ ಕಣ್ಣಿಗೆ ಬೇಟೆಯ ಎತ್ತರಕ್ಕೇ ಇರುತ್ತಾನೆ. ಬೋನು ಅದನ್ನು ಸರಿಮಾಡೀತೇ?

ಹಿಂಬದಿಯ ಗೇಟಿನ ದೀಪ ಮೂರು ತಿಂಗಳಿಂದ ಕೆಟ್ಟಿದೆ. ಅದನ್ನು ಸರಿಮಾಡಿಸಿ, ಡಬ್ಬಿಗೆ ಮುಚ್ಚಳ ಹಾಕಿಸಿ ಅಂತ ಗ್ರೂಪಲ್ಲಿ ಬರೆದೆ. ಒಂದೇ ಒಂದು ಥಂಬ್ಸ್‌ಅಪ್ ಬಂತು, ವಾಚ್‌ಮನ್‌ದು.