ಕೊಟ್ಟ ಕಂಟ್ರೋಲರ್ ಕೋಡಂಗಿ, ಇಸ್ಕೊಂಡ ಫೋನ್ ವೀರಭದ್ರ

ನನ್ನ ಫೋನಿಗೆ ಚಾರ್ಜ್ ಹಾಕು ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಡ್ರೋನ್ ಕಂಟ್ರೋಲರನ್ನಂತೂ ಕೇಳೇ ಇರಲಿಲ್ಲ. ಆದರೂ ಆ ಪುಣ್ಯಾತ್ಮ ತಾನು ಉಪವಾಸ ಬಿದ್ದು ನನ್ನ ಫೋನಿಗೆ ಉಣಿಸುತ್ತಾನೆ. ಕೊನೆಗೆ ನಡು ಆಕಾಶದಲ್ಲಿ ಡ್ರೋನ್ ಬಿಟ್ಟು ತಾನು ಕಣ್ಣು ಮುಚ್ಚುತ್ತಾನೆ. ಫೋನ್ ಮಾತ್ರ ತಣ್ಣಗೆ 74 ಪರ್ಸೆಂಟ್ ತೋರಿಸುತ್ತಾ ಕೂತಿರುತ್ತದೆ.

ನನ್ನದು ಬಾಗಲಕೋಟೆ ನವನಗರದಲ್ಲಿ ಸಣ್ಣ ಸ್ಟುಡಿಯೋ. ಮದುವೆ, ಕುಬಸ, ಜಾತ್ರೆ, ಕರೆದಲ್ಲಿಗೆ ಹೋಗುತ್ತೇನೆ. ಈಗ ಡ್ರೋನ್ ಇಲ್ಲ ಅಂದರೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. "ಮ್ಯಾಲಿಂದ ಹಿಡೀತೀರಿಲ್ಲೋ?" ಅಂತಲೇ ಮಾತು ಶುರು. ಹಾಗಾಗಿ ಎರಡು ವರ್ಷದ ಹಿಂದೆ ಕೈಗಡ ಮಾಡಿ ಒಂದನ್ನು ತಗೊಂಡೆ. 250 ಗ್ರಾಂ ಒಳಗಿನ ಪುಟ್ಟದು. ಅದರ ಕಂಟ್ರೋಲರಿಗೆ ಸ್ವಂತ ಪರದೆ ಇಲ್ಲ. ಮೇಲೆ ಎಳೆದರೆ ಬಾಯಿ ತೆರೆಯುವ ಹಿಡಿಕೆ ಇದೆ, ಅದರಲ್ಲಿ ನಮ್ಮ ಫೋನ್ ಸಿಗಿಸಿ, ಗೇಣುದ್ದವೂ ಇಲ್ಲದ ಒಂದು ವೈರ್ ಚುಚ್ಚಬೇಕು. ಎಲ್ಲ ರಗಳೆ ಆ ವೈರಿನಲ್ಲೇ ಇರುವುದು.

ಮೇ ತಿಂಗಳಲ್ಲಿ ಮುಧೋಳದ ಕಡೆ ಒಂದು ತೋಟದ ಮನೆಯಲ್ಲಿ ಮದುವೆ. ಬೆಳಿಗ್ಗೆ ಎಂಟೂವರೆಗೇ ವೀರಭದ್ರನ ಗುಗ್ಗಳ ಹೊರಟಿತ್ತು. ಪುರವಂತರು ಒಡಪು ಹೇಳುತ್ತಿದ್ದರು, ಸಂಬಾಳ ಬಡಿಯುತ್ತಿತ್ತು, ಎರಡೂ ಕಡೆ ಕಬ್ಬು. ಮೇಲಿಂದ ನೋಡಿದರೆ ಹಸಿರಿನ ನಡುವೆ ಅರಿಶಿನದ ಗೆರೆ ಎಳೆದ ಹಾಗೆ ಮೆರವಣಿಗೆ. ಇಂಥ ಶಾಟ್ ವರ್ಷಕ್ಕೆ ಒಂದು ಸಿಕ್ಕರೆ ಹೆಚ್ಚು. ಖುಷಿಯಾಗಿ ಎರಡು ಬ್ಯಾಟರಿ ಖಾಲಿ ಮಾಡಿದೆ. ಡ್ರೋನ್ ಬ್ಯಾಟರಿ ನನ್ನ ಹತ್ತಿರ ಮೂರಿವೆ, ಆ ಲೆಕ್ಕದಲ್ಲಿ ನಾನು ಎಂದೂ ತಪ್ಪುವುದಿಲ್ಲ.

ಕಂಟ್ರೋಲರಿನ ಲೆಕ್ಕ ಯಾರು ಇಡುತ್ತಾರೆ? ಅದಕ್ಕೆ ನಾಲ್ಕು ಪುಟ್ಟ ದೀಪ. ಬೆಳಿಗ್ಗೆ ನಾಲ್ಕೂ ಉರಿಯುತ್ತಿದ್ದವು. ಮದುವೆ ಮನೆಯಲ್ಲಿ ಯಾವಾಗ ಏನು ನಡೆಯುತ್ತದೋ ಹೇಳಲಾಗದು, ಹಾಗಾಗಿ ಆಫ್ ಮಾಡದೆ ಕೊರಳಿಗೆ ನೇತು ಹಾಕಿಕೊಂಡೇ ತಿರುಗಿದೆ. ಫೋನ್ ಸಿಕ್ಕಿಕೊಂಡೇ ಇತ್ತು. ಅಷ್ಟೂ ಹೊತ್ತು ಅದು ಸುಮ್ನೆ ಹೀರುತ್ತಿತ್ತು. ಸೊಳ್ಳೆ ಕಚ್ಚಿದರೆ ತುರಿಕೆಯಾದರೂ ಆಗುತ್ತದೆ, ಇದಕ್ಕೆ ಅದೂ ಇಲ್ಲ.

ಹನ್ನೊಂದೂ ಮುಕ್ಕಾಲಿಗೆ ಅಕ್ಕಿಕಾಳು. ಕಣದಲ್ಲಿ ಖಾಲಿ ಜಾಗ ನೋಡಿ ಮೂರನೇ ಬ್ಯಾಟರಿ ಹಾಕಿ ಹಾರಿಸಿದೆ. ಪೆಂಡಾಲ್ ಪಕ್ಕಕ್ಕೆ ತಂದು, ಜನ ಕೈಯೆತ್ತಿ ಅಕ್ಕಿ ಎರಚುವುದಕ್ಕೆ ಕಾಯುತ್ತಿದ್ದೆ. ಕೈಯಲ್ಲಿ ಏನೋ ಕುಂಯ್ ಕುಂಯ್ ಅನ್ನುತ್ತಿತ್ತು. ವಾಲಗದ ಗದ್ದಲದಲ್ಲಿ ನನಗೆ ಕೇಳಿಸಲೇ ಇಲ್ಲ. ಕೊಡೆ ಹಿಡಿದಿದ್ದ ಹುಡುಗ, "ಅಣ್ಣಾ, ಇದ್ ಅಳಾಕತ್ತೈತಿ" ಅಂದ. ನೋಡುವಷ್ಟರಲ್ಲಿ ಕೊನೆಯ ದೀಪವೂ ಹೋಯಿತು. ಪರದೆ ಮೇಲೆ ಚಿತ್ರ ಹೆಪ್ಪುಗಟ್ಟಿತು. ಅಕ್ಕಿಕಾಳು ಬಿದ್ದವು. ನನ್ನ ಹತ್ತಿರ ಅದರ ಒಂದು ಫ್ರೇಮೂ ಇಲ್ಲ.

ಸಿಗ್ನಲ್ ಹೋದರೆ ಡ್ರೋನ್ ಸ್ವಲ್ಪ ತಡೆದು, ಮೊದಲೇ ಹೇಳಿಟ್ಟ ಎತ್ತರಕ್ಕೆ ಏರಿ, ಹಾರಿದ ಜಾಗಕ್ಕೆ ತಾನೇ ಮರಳುತ್ತದೆ. ಆ ವ್ಯವಸ್ಥೆಗೆ ನಾನು ಬೈಯುವುದಿಲ್ಲ, ಮನೆ ಉಳಿಸಿದ್ದೇ ಅದು. ಆದರೆ ಹಾರಿದ ಜಾಗದಲ್ಲಿ ಅಷ್ಟರಲ್ಲೇ ಯಾರೋ ಊಟದ ಕುರ್ಚಿ ತುಂಬಿದ ಟ್ರ್ಯಾಕ್ಟರ್ ಟ್ರಾಲಿ ತಂದು ನಿಲ್ಲಿಸಿದ್ದರು. ನಾನು ಕೈಯಲ್ಲಿ ಸತ್ತ ಕಂಟ್ರೋಲರ್ ಹಿಡಿದು ಓಡಿದೆ. ಡ್ರೋನ್ ಸಾವಕಾಶವಾಗಿ ಇಳಿದು, ಪ್ಲಾಸ್ಟಿಕ್ ಕುರ್ಚಿಗಳ ತುದಿಯಲ್ಲಿ ಕಾಲೂರಲು ಹೋಗಿ, ಮಗುಚಿ, ಟರ್ರ್ ಅಂತ ಒಂದು ರೆಕ್ಕೆ ಮುರಿದುಕೊಂಡಿತು. ಊಟಕ್ಕೆ ಹೊರಟಿದ್ದ ಮಂದಿ ಚಪ್ಪಾಳೆ ತಟ್ಟಿದರು. ಅಜ್ಜ ಒಬ್ಬರು, "ಹದ್ದು ಕುಂತ್ತಲ್ಲೋ!" ಅಂದರು. ಪೆಂಡಾಲಿನಲ್ಲಿ ಆ ಅಜ್ಜನಷ್ಟು ಸಂತೋಷವಾಗಿದ್ದವರು ಬೇರೆ ಯಾರೂ ಇರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಸಿಟ್ಟು ಇನ್ನೂ ಜಾಸ್ತಿ ಆಯಿತು.

ನನ್ನ ಕಂಟ್ರೋಲರ್ ಬ್ಯಾಟರಿ 5200 ಎಂಎಎಚ್. ಫೋನಿನದು 5000. ಅಂದರೆ ಕೊಡುವವನೂ ಇಸ್ಕೊಳ್ಳುವವನೂ ಒಂದೇ ಅಳತೆಯವರು. ಪವರ್ ಬ್ಯಾಂಕ್ ಅಂದರೆ ಫೋನಿಗಿಂತ ಎರಡು ಪಟ್ಟು, ನಾಲ್ಕು ಪಟ್ಟು ದೊಡ್ಡದಿರುತ್ತದೆ, ಅಲ್ವಾ? ಇಲ್ಲಿ ಬಡವನೊಬ್ಬ ಇನ್ನೊಬ್ಬ ಬಡವನಿಗೆ ಸಾಲ ಕೊಟ್ಟ ಹಾಗೆ. ಅದೂ ಪೂರ್ತಿ ತಲುಪುವುದಿಲ್ಲ. ಕಂಟ್ರೋಲರ್ ತನ್ನ 3.6 ವೋಲ್ಟನ್ನು 5ಕ್ಕೆ ಏರಿಸಿ ಕಳಿಸಬೇಕು, ಫೋನ್ ಅದನ್ನು ಮತ್ತೆ ಇಳಿಸಿ ಒಳಗೆ ಹಾಕಿಕೊಳ್ಳಬೇಕು. ಎರಡೂ ಕಡೆ ಸುಂಕ ಕಟ್ಟುವುದು ಬಿಸಿಯ ರೂಪದಲ್ಲಿ. ಆ ಬಿಸಿಯ ಮೇಲೆ ಬಾಗಲಕೋಟೆಯ ಮೇ ತಿಂಗಳ ಬಿಸಿಲು. ಫೋನ್ ಕಾದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ನಮಗೆ ಪರದೆಯಲ್ಲಿ ಡ್ರೋನ್ ಕಾಣುವುದಿಲ್ಲ, ನಮ್ಮದೇ ಬೆವರಿದ ಮುಖ ಕಾಣುತ್ತದೆ.

ಇದು ಯಾಕೆ ಹೀಗೆ ಅಂದರೆ, ಆಂಡ್ರಾಯ್ಡ್ ಫೋನಿಗೆ ಹೀಗೆ ಜೋಡಿಸಿಕೊಳ್ಳುವ ಸಾಧನ ಫೋನಿಗೆ 5 ವೋಲ್ಟಿನಲ್ಲಿ 500 ಮಿಲಿಆಂಪ್ ಕೊಡಬೇಕು ಅಂತ ನಿಯಮವೇ ಇದೆ. ಅಂದರೆ ಎರಡೂವರೆ ವ್ಯಾಟ್. ಬಿಸಿಲಲ್ಲಿ ಪೂರ್ತಿ ಬೆಳಕು ಹಚ್ಚಿ, ಲೈವ್ ವಿಡಿಯೋ ಓಡಿಸುತ್ತಾ, ತೋಟದಲ್ಲಿ ಸಿಗದ ಟವರ್ ಹುಡುಕುವ ಫೋನಿಗೆ ಅದು ಮೂಗಿಗೆ ಹಚ್ಚಲೂ ಸಾಲದು. ಹಾಗಾಗಿ ಫೋನೂ ತುಂಬುವುದಿಲ್ಲ, ಕಂಟ್ರೋಲರೂ ಉಳಿಯುವುದಿಲ್ಲ. ಫೋನಿಗೆ ಕೊಡದಿದ್ದರೆ ಆರು ತಾಸು, ಕೊಟ್ಟರೆ ನಾಲ್ಕು ತಾಸು ಬಾಳಿಕೆ ಅಂತ ಕೈಪಿಡಿಯಲ್ಲೇ ಬರೆದಿದ್ದಾರೆ. ಎರಡು ವರ್ಷ ಹಳೆಯದಾದ ನನ್ನದಕ್ಕೆ ಅಷ್ಟೂ ಇಲ್ಲ. ಸಣ್ಣ ಅಕ್ಷರದಲ್ಲಿ ಬರೆದರೆ ಮುಗಿಯಿತಾ? ಮದುವೆ ನಡೆಯುವುದು ದೊಡ್ಡ ಅಕ್ಷರದಲ್ಲಿ.

ನನ್ನ ತಕರಾರು ಇಷ್ಟೇ. ಫೋನ್ ಸತ್ತರೆ ಚಿತ್ರ ಹೋಗುತ್ತದೆ, ಡ್ರೋನ್ ತಿರುಗಿಸುವ ಕಂಟ್ರೋಲರಿನ ಕಡ್ಡಿಗಳು ಕೈಯಲ್ಲೇ ಇರುತ್ತವೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದರೆ ಆರಾಮಾಗಿ ಇಳಿಸಬಹುದು, ಇಲ್ಲದಿದ್ದರೆ ಮನೆಗೆ ಕರೆಯುವ ಗುಂಡಿ ಒತ್ತಬಹುದು. ಕಂಟ್ರೋಲರ್ ಸತ್ತರೆ ಕೈಯೇ ಹೋದ ಹಾಗೆ. ಹಾಗಿರುವಾಗ ಕೈ ಕಡಿದು ಕಣ್ಣಿಗೆ ಕೊಡುವ ಬುದ್ಧಿ ಯಾರಿಗೆ ಬಂತು? ಮೊದಲ ಸಲ ವೈರ್ ಚುಚ್ಚಿದಾಗಲೇ "ಚಾರ್ಜ್ ಕೊಡಲೇ, ಬೇಡವೇ?" ಅಂತ ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಆಫ್ ಮಾಡುವ ಗುಂಡಿ ಇದೆ. ಆಪ್ ತೆರೆದು, ಮೇಲಿನ ಮೂರು ಚುಕ್ಕೆ ಒತ್ತಿ, ಕಂಟ್ರೋಲ್ ಅನ್ನುವ ಕಡೆ ಹೋದರೆ ಫೋನ್ ಚಾರ್ಜಿಂಗ್ ಅಂತ ಒಂದು ಸಾಲು. ಎರಡು ವರ್ಷ ಅದೇ ಆಪ್ ದಿನಾ ತೆರೆದವನು ನಾನು. ಆ ಸಾಲು ಕಣ್ಣಿಗೆ ಬಿದ್ದದ್ದು ರೆಕ್ಕೆ ಮುರಿದ ಮೇಲೆ.

ಅಂಗಡಿಯವನನ್ನು ಕೇಳಿದರೆ, "ಸ್ಕ್ರೀನ್ ಇರೋ ಕಂಟ್ರೋಲರ್ ತಗೋರಿ ಸರ್, ರಗಳೇನ ಇಲ್ಲ" ಅಂದ. ರಗಳೆ ಇಲ್ಲ, ದುಡ್ಡು ಎಲ್ಲಿದೆ? ಮೊಬೈಲ್ ರಿಪೇರಿ ಹುಡುಗನೊಬ್ಬ ವೈರಿನೊಳಗಿನ ಕೆಂಪು ತಂತಿ ಕತ್ತರಿಸಿ ಕೊಡುತ್ತೇನೆ ಅಂದ. ಅವನ ಧೈರ್ಯ ಮೆಚ್ಚಬೇಕು. ಆ ತಂತಿಯ 5 ವೋಲ್ಟ್ ಬಂದರೇನೇ ಫೋನಿಗೆ ಯಾರೋ ಬಂದು ಕದ ತಟ್ಟಿದ್ದಾರೆ ಅಂತ ತಿಳಿಯುವುದು. ಅದನ್ನೇ ಕತ್ತರಿಸಿದರೆ ಚಾರ್ಜೂ ಇಲ್ಲ, ಚಿತ್ರವೂ ಇಲ್ಲ.

ಈಗ ಫೋನ್ ಚಾರ್ಜಿಂಗ್ ಆಫ್. ಫೋನ್ ಏರೋಪ್ಲೇನ್ ಮೋಡಿನಲ್ಲಿ, ಇಲ್ಲದಿದ್ದರೆ ನಡುವೆಯೇ ಮದುಮಗಳ ಸೋದರಮಾವ ಫೋನ್ ಮಾಡಿ "ಎಲ್ಲದೀರಿ?" ಅನ್ನುತ್ತಾನೆ, ನಾನು ಅವನ ಎದುರಿಗೇ ನಿಂತಿರುತ್ತೇನೆ. ಒಂದು ಹಾರಾಟ ಮುಗಿದ ಕೂಡಲೇ ವೈರ್ ಕಿತ್ತು, ಫೋನನ್ನು ಪವರ್ ಬ್ಯಾಂಕಿಗೆ ಹಚ್ಚಿ, ಕಂಟ್ರೋಲರ್ ಆಫ್ ಮಾಡುತ್ತೇನೆ. ಮತ್ತೆ ಎಲ್ಲ ಜೋಡಿಸಿ ಚಿತ್ರ ಬರುವಷ್ಟರಲ್ಲಿ ಮದುಮಗ ಕುದುರೆಯಿಂದ ಇಳಿದು ಪೆಂಡಾಲ್ ಸೇರಿರುತ್ತಾನೆ. "ಇನ್ನೊಮ್ಮೆ ಹತ್ರಿ" ಅಂತ ಹೇಳುವ ಪರಿಸ್ಥಿತಿ.

ಮುಧೋಳದವರು ಬಾಕಿ ಕೊಡುವಾಗ 3,000 ಹಿಡಿದುಕೊಂಡರು. ಅಕ್ಕಿಕಾಳಿನ ಡ್ರೋನ್ ಶಾಟ್ ಇಲ್ಲವಲ್ಲ, ಅದಕ್ಕೆ. ನಾನು ಸೆಟ್ಟಿಂಗಿನ ಕಥೆ ಹೇಳಲು ಹೋದೆ. ಮದುಮಗಳ ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಲ್ರೀ, ಫೋನ್ ಚಾರ್ಜ್ ಇತ್ತಂತೀರಿ. ಮತ್ತ ಫೋನ್‌ನ್ಯಾಗರ ಹಿಡೀಬೇಕಿತ್ತಿಲ್ಲೋ?" ಅಂದರು.