ವೆನಿಲಾಕ್ಕೆ ಬಿಸಿಲೊಂದೇ ಸಾಲದು, ಕಂಬಳಿಯೂ ಬೇಕು
ವೆನಿಲಾ ಕೋಡನ್ನು ಕೊಯ್ದು ನಾಲ್ಕು ದಿನ ಬಿಸಿಲಿಗೆ ಹಾಕಿದರೆ ಸಾಕು ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ತಿದ್ದಿ. ಹಾಗೆ ಮಾಡಿದರೆ ಕೋಡು ಒಣಗುತ್ತದೆ, ಪರಿಮಳ ಬರುವುದಿಲ್ಲ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ, ಹತ್ತು ಬಳ್ಳಿ ಈಗಲೂ ಇವೆ.

ಹಸಿ ಕೋಡಿಗೆ ಆ ವಾಸನೆಯೇ ಇರುವುದಿಲ್ಲ. ಮೊದಲು ಬಿಸಿನೀರಲ್ಲಿ ಅದ್ದಬೇಕು. 63ರಿಂದ 65 ಡಿಗ್ರಿ, 3 ನಿಮಿಷ, ಅಷ್ಟೇ. ನೀರು ಕುದಿಯುತ್ತಿದ್ದರೆ ಕೋಡು ಬೆಂದುಹೋಗುತ್ತದೆ, ಥರ್ಮಾಮೀಟರ್ ಇಟ್ಟುಕೊಳ್ಳಿ. ತೆಗೆದ ತಕ್ಷಣ, ಬಿಸಿ ಆರುವ ಮೊದಲೇ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಮರುದಿನ ಬಿಚ್ಚಿದರೆ ಹಸಿರು ಹೋಗಿ ಕಂದು ಬಣ್ಣ ಬಂದಿರುತ್ತದೆ, ಮೈಮೇಲೆಲ್ಲ ಬೆವರಿನಂತೆ ನೀರು. ಅಲ್ಲಿಂದ ದಿನಾ 2-3 ಗಂಟೆ ಬಿಸಿಲು, ಬಿಸಿ ಇರುವಾಗಲೇ ಮತ್ತೆ ಕಂಬಳಿ. ವಾರ ಹತ್ತು ದಿನ ಹೀಗೆ. ಆಮೇಲೆ ನೆರಳಲ್ಲಿ ನಿಧಾನ ಒಣಗಿಸಿ, ಕಟ್ಟು ಕಟ್ಟಿ 2-3 ತಿಂಗಳು ಪೆಟ್ಟಿಗೆಯಲ್ಲಿಡಬೇಕು. ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಿದರೆ ಹದ ಸರಿ ಇದೆ ಅಂತ. ಆಗಾಗ ತೆಗೆದು ನೋಡುತ್ತಿರಿ. ಒಂದಕ್ಕೆ ಬೂಷ್ಟು ಹಿಡಿದರೆ ಪಕ್ಕದ್ದಕ್ಕೂ ಹರಡುತ್ತದೆ.

5-6 ಕೆಜಿ ಹಸಿ ಕೋಡಿಗೆ ಕೊನೆಗೆ ಸಿಗುವುದು ಸುಮಾರು 1 ಕೆಜಿ. 2003ರ ಹೊತ್ತಿಗೆ ಹಸಿ ಕೋಡಿಗೇ ಕೆಜಿಗೆ ಸಾವಿರಗಟ್ಟಲೆ ರೂಪಾಯಿ ಬೆಲೆ ಬಂದಾಗ ಕಳ್ಳರ ಭಯಕ್ಕೆ ತೋಟದಲ್ಲೇ ಟಾರ್ಚ್ ಹಿಡಿದು ಮಲಗಿದ್ದೆವು. ಬೆಲೆ ಬಿದ್ದ ಮೇಲೆ ಎಷ್ಟೋ ಜನ ಬಳ್ಳಿ ಕಿತ್ತರು. ನಮ್ಮ ಆಯಿ ಮಾತ್ರ ಬಿಡಲಿಲ್ಲ. ಹೂವಿನ ಕಾಲದಲ್ಲಿ ಬೆಳಿಗ್ಗೆ ಚಹಾ ಕುಡಿದವಳೇ ತೆಂಗಿನ ಕಡ್ಡಿ ಹಿಡಿದು ತೋಟಕ್ಕೆ ಹೊರಡುತ್ತಾಳೆ. ಮಧ್ಯಾಹ್ನದೊಳಗೆ ಒಂದೊಂದೇ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಬೇಕಲ್ವಾ.