ಗ್ಯಾಪ್ ಸರ್ಟಿಫಿಕೇಟ್ ಕೇಳದ ಕಾಲೇಜು

"ಓ, ಕೊಲಂಬಿಯಾನಾ! ಮೇನ್ ಕಾಲೇಜಾ, ಇಲ್ಲ ಆ ಜನರಲ್ ಸ್ಟಡೀಸಾ?"

ಕೇಳಿದವರು ನಮ್ಮವರೇ. ಕೊಲಂಬಿಯಾ ಅಂದರೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ನ್ಯೂಜೆರ್ಸಿಯ ಎಡಿಸನ್ನಿನ ಶಾಲೆಯೊಂದರಲ್ಲಿ ಯುಗಾದಿ ಕಾರ್ಯಕ್ರಮ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಹೋಳಿಗೆ ಇನ್ನೂ ಬಂದಿರಲಿಲ್ಲ. ನಾನು "ಜನರಲ್ ಸ್ಟಡೀಸು" ಅಂದೆ. "ಪರವಾಗಿಲ್ಲ ಬಿಡಿ, ಅದೂ ಒಳ್ಳೇದೇ" ಅಂದರು. ಆ 'ಅದೂ' ಇದೆಯಲ್ಲ, ಅದು ಮೂರು ದಿನ ಚುಚ್ಚಿತು. ಕೇಳಿದವರ ಮಗ ಹೋದ ವರ್ಷ ಮೇನ್ ಕಾಲೇಜಿಗೆ ಅರ್ಜಿ ಹಾಕಿದ್ದ, ಸಿಕ್ಕಿರಲಿಲ್ಲ ಅಂತ ಆಮೇಲೆ ಯಾರೋ ಹೇಳಿದರು. ಅದರಿಂದ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಅದಕ್ಕೂ ವಾರ ಮುಂಚೆ ಅರಸೀಕೆರೆಗೆ ಫೋನ್ ಮಾಡಿ, ಸೀಟು ಸಿಕ್ತಮ್ಮಾ ಅಂದಿದ್ದೆ. "ಪುಟ್ಟಿಗಾ? ಅವಳದಿನ್ನೂ ಹೈಸ್ಕೂಲೇ ಮುಗಿದಿಲ್ವಲ್ಲೇ?" ಅಂದಳು ಅಮ್ಮ. ಪುಟ್ಟಿಗಲ್ಲ, ನನಗೆ ಅಂದೆ. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಇಷ್ಟು ವರ್ಷ ಗ್ಯಾಪ್ ಆಗಿದೆ, ಅವರು ಏನೂ ಅನ್ನಲ್ವಾ?"

ಅನ್ನಲ್ಲ. ಅಷ್ಟೇ ಅಲ್ಲ, ಗ್ಯಾಪ್ ಇಲ್ಲದಿದ್ದರೆ ನನ್ನಂಥವಳಿಗೆ ಅಲ್ಲಿ ಸೀಟೇ ಇಲ್ಲ. ಇದನ್ನು ಅಮ್ಮನಿಗೆ ಅರ್ಥ ಮಾಡಿಸೋಕೆ ಮೂರು ಫೋನ್ ಬೇಕಾಯಿತು.

ಕೊಲಂಬಿಯಾದಲ್ಲಿ ಹೈಸ್ಕೂಲು ಮುಗಿಸಿ ನೇರ ಬರುವ ಹುಡುಗರಿಗೆ ಒಂದು ಕಾಲೇಜಿದೆ, ಕೊಲಂಬಿಯಾ ಕಾಲೇಜು. ನಮ್ಮವರು 'ಮೇನ್ ಕಾಲೇಜು' ಅನ್ನೋದು ಇದನ್ನೇ. ಓದು ನಡುವೆ ಬಿಟ್ಟು, ವರ್ಷವೋ ಇಪ್ಪತ್ತು ವರ್ಷವೋ ಆದಮೇಲೆ ಬರುವವರಿಗೆ ಇನ್ನೊಂದು. ಅದೇ ಸ್ಕೂಲ್ ಆಫ್ ಜನರಲ್ ಸ್ಟಡೀಸ್. 1947ರಲ್ಲಿ ಈಗಿನ ರೂಪಕ್ಕೆ ಬಂತು. ಎರಡನೇ ಮಹಾಯುದ್ಧ ಮುಗಿದಿತ್ತು. ಸರ್ಕಾರ ಓದಿಸ್ತೀನಿ ಅಂದಿತ್ತು, ಸೈನಿಕರು ಸಾಲುಗಟ್ಟಿ ಕಾಲೇಜುಗಳ ಬಾಗಿಲಿಗೆ ಬಂದಿದ್ದರು. ಅವರನ್ನು ಹದಿನೆಂಟರ ಹುಡುಗರ ಜೊತೆ ಒಂದೇ ತಕ್ಕಡಿಯಲ್ಲಿ ತೂಗೋದು ಹೇಗೆ? ಹಾಗಾಗಿ ಬೇರೆ ಬಾಗಿಲು. ಬಾಗಿಲಷ್ಟೇ ಬೇರೆ. ಒಳಗೆ ಹೋದಮೇಲೆ ಅದೇ ಮೇಷ್ಟ್ರು, ಅದೇ ಕ್ಲಾಸು, ಪಕ್ಕದ ಬೆಂಚಿನಲ್ಲಿ ಅದೇ ಹದಿನೆಂಟರ ಹುಡುಗರು.

ನನ್ನ ಗ್ಯಾಪಿನ ಕಥೆ ದೊಡ್ಡದೇನಲ್ಲ. 2005ರಲ್ಲಿ ಎರಡನೇ ವರ್ಷದ ಬಿಎಸ್ಸಿ ಪರೀಕ್ಷೆ ಬರೆದೆ. ಪಿಸಿಎಂ. ಒಳ್ಳೇ ಸಂಬಂಧ, ಹುಡುಗ ಅಮೆರಿಕಾದಲ್ಲಿ. ಮುಂದಿನದು ಹೇಳಬೇಕಾಗಿಲ್ಲ ಅಲ್ವಾ. ಇಲ್ಲಿಗೆ ಬಂದಮೇಲೆ ಎಚ್-4 ವೀಸಾ, ಅಂದರೆ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡೋದು. ಓದಬಹುದು, ದುಡಿಯೋ ಹಾಗಿಲ್ಲ. ಓದೋಕೆ ದುಡ್ಡು ಬೇಕು. ಅಲ್ಲಿಗೆ ಮುಗೀತು. ಮಗಳು ಹುಟ್ಟಿದಳು.

2011ರಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂತ ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ವರ್ಷದ ಮಟ್ಟಿಗೆ ಊರಿಗೆ ಹೋದೆ. ಸುಮ್ನೆ ಕೂರೋ ಬದಲು ಉಳಿದ ಒಂದು ವರ್ಷ ಮುಗಿಸೋಣ ಅನ್ನಿಸಿತು. ಕಾಲೇಜಿನ ಆಫೀಸಿಗೆ ಹೋದರೆ ಗುಮಾಸ್ತರು ಮಾರ್ಕ್ಸ್ ಕಾರ್ಡ್ ನೋಡೋಕೂ ಮುಂಚೆ ನನ್ನ ತಾಳಿ ನೋಡಿದರು, ಆಮೇಲೆ ಮಗಳನ್ನು. "ಆರು ವರ್ಷ ಗ್ಯಾಪ್ ಇದೆ. ಅಫಿಡವಿಟ್ ಮಾಡಿಸ್ಕೊಂಡು ಬನ್ನಿ."

ಕೋರ್ಟಿನ ಮುಂದೆ ಹುಣಸೇಮರದ ಕೆಳಗೆ ಟೈಪ್ ಮಾಡೋರು ಕೂತಿರುತ್ತಿದ್ದರು. ಇಪ್ಪತ್ತು ರೂಪಾಯಿ ಛಾಪಾ ಕಾಗದ. ಅವರ ಹತ್ತಿರ ಮಾದರಿ ಸಿದ್ಧ ಇತ್ತು, ಹೆಸರು, ವಯಸ್ಸು ಮಾತ್ರ ತುಂಬಿದರು. "ಸದರಿ ಅವಧಿಯಲ್ಲಿ ನಾನು ಯಾವುದೇ ಶಾಲಾ ಕಾಲೇಜಿಗೆ ಸೇರಿರುವುದಿಲ್ಲ. ಯಾವುದೇ ಕ್ರಿಮಿನಲ್ ಪ್ರಕರಣದಲ್ಲಿ ಭಾಗಿಯಾಗಿರುವುದಿಲ್ಲ. ಮನೆಯಲ್ಲಿಯೇ ಇದ್ದೆನು." ನೋಟರಿ ವಕೀಲರು ದುಂಡು ಸೀಲು ಒತ್ತಿದರು. ಆರು ವರ್ಷ, ಒಂದು ಮದುವೆ, ಒಂದು ಹೆರಿಗೆ, ಭಾಷೆ ಬಾರದ ಊರಿನಲ್ಲಿ ಕಾರು ಓಡಿಸೋದು ಕಲಿತದ್ದು, ಎಲ್ಲ ಸೇರಿ "ಮನೆಯಲ್ಲಿಯೇ ಇದ್ದೆನು".

ಅದನ್ನು ತೆಗೆದುಕೊಂಡು ಹೋದರೆ, ಸ್ಕೀಮ್ ಬದಲಾಗಿದೆ, ಹಳೇ ಸಿಲಬಸ್ಸಿನವರು ಮೊದಲ ವರ್ಷದಿಂದ ಬರಬೇಕು ಅಂದರು. ಅದನ್ನು ಮೊದಲೇ ಹೇಳಬಹುದಿತ್ತು. "ಈಗ ಯಾಕಮ್ಮ ಇದೆಲ್ಲ, ಮಗು ನೋಡ್ಕೊಳಿ" ಅಂತ ಬುದ್ಧಿಯನ್ನೂ ಹೇಳಿದರು. ಕೆಟ್ಟ ಮನುಷ್ಯ ಅಲ್ಲ. ಮಗಳಿಗೆ ಪೆಪ್ಪರಮೆಂಟ್ ಕೊಟ್ಟರು.

ಇಲ್ಲಿ ಅರ್ಜಿಯ ಜೊತೆ ಏನು ಕೇಳಿದರು ಗೊತ್ತಾ? ನಿಮ್ಮ ಬದುಕಿನ ಕಥೆ ಬರೀರಿ ಅಂದರು. 1500ರಿಂದ 2000 ಪದ. ಓದು ಯಾಕೆ ನಿಂತಿತು, ನಡುವೆ ಏನೇನು ಮಾಡಿದಿರಿ, ಈಗ ಯಾಕೆ ಬರ್ತೀರಿ. ಅಫಿಡವಿಟ್ಟಿನದ್ದೇ ಪ್ರಶ್ನೆ ನೋಡಿ. ಆದರೆ ಅಲ್ಲಿ ನಾನು ಕಟಕಟೆಯಲ್ಲಿ ನಿಂತು ಉತ್ತರ ಕೊಟ್ಟಿದ್ದೆ. ಇಲ್ಲಿ ಯಾರೋ ಎದುರಿಗೆ ಕೂತು ಕಾಫಿ ಕೊಟ್ಟು ಕೇಳಿದ ಹಾಗಿತ್ತು. ಊಟದ ಮೇಜಿನ ಮೇಲೆ ಹನ್ನೊಂದು ರಾತ್ರಿ ಬರೆದೆ. ಎಚ್-4ನವರಲ್ಲಿ ಕೆಲವರಿಗೆ ದುಡಿಯೋ ಅನುಮತಿ ಸಿಕ್ಕಿದ್ದು 2015ರಲ್ಲಿ. ನನಗೂ ಸಿಕ್ಕಿತು. ಆಮೇಲೆ ಚಟ್ನಿಪುಡಿ, ಹುರಿಹಿಟ್ಟು, ಸಾರಿನಪುಡಿ ಮಾಡಿ ಮಾರಿದ್ದು, ಅದರ ಲೆಕ್ಕ ಇಡೋಕೆ ಸ್ಪ್ರೆಡ್‌ಶೀಟ್ ಕಲಿತದ್ದು, ಆ ಲೆಕ್ಕದಲ್ಲೇ ಬಿಟ್ಟುಹೋದ ಗಣಿತದ ರುಚಿ ಮತ್ತೆ ಹತ್ತಿದ್ದು. ಮಗಳು ಓದಿ, "ಅಮ್ಮಾ, ಸಾರಿನಪುಡಿ ಪ್ಯಾರಾ ತೆಗೀಬೇಡ" ಅಂದಳು. ತೆಗೀಲಿಲ್ಲ.

ಸೀಟು ಸಿಕ್ಕಮೇಲೆ ಒಂದು ದಿನ ನೋಡಿಕೊಂಡು ಬರೋಣ ಅಂತ ಹೋದೆ. ಎಡಿಸನ್ನಿಂದ ಪೆನ್ ಸ್ಟೇಷನ್‌ಗೆ ರೈಲು, ಅಲ್ಲಿಂದ ಒಂದನೇ ನಂಬರಿನ ಸಬ್‌ವೇ, 116ನೇ ಬೀದಿ. ಲೂಯಿಸಾನ್ ಹಾಲ್‌ನಲ್ಲಿ ಇವರ ಆಫೀಸು. ನನ್ನ ಮುಂದೆ ಇದ್ದವರು ಮಿಲಿಟರಿಯಲ್ಲಿದ್ದವರು, ಗಡ್ಡ ಅರ್ಧ ಬೆಳ್ಳಗಾಗಿತ್ತು. ಹಿಂದೆ ನಿಂತ ಹುಡುಗಿ ಬ್ಯಾಲೆ ಮಾಡುತ್ತಿದ್ದವಳಂತೆ, ಇಪ್ಪತ್ನಾಲ್ಕಕ್ಕೇ ಮಂಡಿ ಹೋಗಿದೆ. "ನೀವು?" ಅಂದಳು. ಸಾರಿನಪುಡಿ ಅಂದೆ. ನಗಲಿಲ್ಲ. ಹೇಗೆ ಮಾಡ್ತೀರಿ ಅಂತ ಕೇಳಿದಳು! ಅಂಬೇಡ್ಕರರು 1913ರಲ್ಲಿ ಓದೋಕೆ ಬಂದಿದ್ದು ಇದೇ ಕೊಲಂಬಿಯಾಕ್ಕೆ. ಅವರು ನಡೆದಾಡಿದ ಜಾಗದಲ್ಲಿ ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆ.

ಹಾಗಂತ ಇಲ್ಲಿ ಮೇಲುಕೀಳು ಇಲ್ಲ ಅಂತಲ್ಲ. ಯುಗಾದಿಯ ಆ ಪ್ರಶ್ನೆ ಆಕಾಶದಿಂದ ಬಿದ್ದದ್ದಲ್ಲ. ಐಸಾಕ್ ಅಸಿಮೋವ್ ಗೊತ್ತಲ್ಲ, ರೋಬೋಟ್ ಕಥೆಗಳ ಅಸಿಮೋವ್. ಹದಿನೈದನೇ ವಯಸ್ಸಿಗೆ ಕೊಲಂಬಿಯಾ ಕಾಲೇಜಿಗೆ ಅರ್ಜಿ ಹಾಕಿದರೆ ಬ್ರೂಕ್ಲಿನ್ನಿನ ಸೆತ್ ಲೋ ಜೂನಿಯರ್ ಕಾಲೇಜಿಗೆ ಕಳಿಸಿದರು. ಆಗ ಯಹೂದಿ ಹುಡುಗರನ್ನು ಆ ಕಡೆ ಸಾಗಹಾಕುತ್ತಿದ್ದರು. ಅದೂ ಮುಚ್ಚಿತು. ಆಮೇಲೆ ದೊಡ್ಡ ಕ್ಯಾಂಪಸ್ಸಿಗೆ ಸೇರಿಸಿಕೊಂಡರೂ ಕಾಲೇಜಿನವನು ಅನ್ನಿಸಿಕೊಳ್ಳಲಿಲ್ಲ. 1939ರಲ್ಲಿ ಡಿಗ್ರಿ ಕೊಟ್ಟಾಗ ಕಾಲೇಜಿನವರಿಗೆ ಕೊಡುವ ಬಿಎ ಬದಲು ಬಿಎಸ್ ಕೊಟ್ಟರು. ಅದು ಅವರನ್ನು ಬಹಳ ಕಾಲ ಕೊರೆಯಿತು. ಅವರಿಗೆ ಡಿಗ್ರಿ ಕೊಟ್ಟ ವಿಭಾಗವೇ ಮುಂದೆ ಜನರಲ್ ಸ್ಟಡೀಸ್ ಆದದ್ದು. ಈಗ ಜನರಲ್ ಸ್ಟಡೀಸಿನವರು ಅದೇ ಅಸಿಮೋವರನ್ನು ನಮ್ಮ ಹಳೇ ವಿದ್ಯಾರ್ಥಿ ಅಂತ ಎದೆಯುಬ್ಬಿಸಿ ಹೇಳ್ತಾರೆ. ಇದನ್ನು ಓದಿದ ರಾತ್ರಿ ಯುಗಾದಿಯ 'ಅದೂ' ಸ್ವಲ್ಪ ಇಳಿಯಿತು.

ಆದರೂ ನನ್ನ ಸಿಟ್ಟು ಊರಿನ ಮೇಲೇ. ಅರಸೀಕೆರೆ ಜಂಕ್ಷನ್ನಿನ ಪಕ್ಕದಲ್ಲಿ ಬೆಳೆದವಳು ನಾನು. ಬೆಂಗಳೂರಿನ ರೈಲು ತಪ್ಪಿದರೆ ಇನ್ನೊಂದು ಬರುತ್ತೆ, ಹುಬ್ಬಳ್ಳಿದು ತಪ್ಪಿದರೆ ಮತ್ತೊಂದು. ಓದು ಮಾತ್ರ ಯಾಕೆ ಒಂದೇ ರೈಲು? ಅದೂ ಹದಿನೆಂಟಕ್ಕೆ ಹತ್ತಿದರೆ ಇಪ್ಪತ್ತೊಂದಕ್ಕೆ ಇಳೀಲೇಬೇಕು. ನಡುವೆ ನೀರು ಕುಡಿಯೋಕೆ ಇಳಿದವರು ಪ್ಲಾಟ್‌ಫಾರ್ಮಿನಲ್ಲೇ ಉಳಿದರು. ನನ್ನ ಬ್ಯಾಚಿನಲ್ಲಿ ಹಾಗೆ ಉಳಿದ ಹುಡುಗಿಯರು ನನ್ನ ಲೆಕ್ಕಕ್ಕೆ ಸಿಕ್ಕವರೇ ಏಳು. ಅದರಲ್ಲಿ ಇಬ್ಬರು ನನಗಿಂತ ಚೆನ್ನಾಗಿ ಕ್ಯಾಲ್ಕುಲಸ್ ಮಾಡುತ್ತಿದ್ದರು.

ಇಷ್ಟು ಬರೆದು ಗಂಡನಿಗೆ ತೋರಿಸಿದೆ. ಅವರು ಓದಿ ಒಂದೇ ಮಾತು ಕೇಳಿದರು: "ಫೀಸಿನ ವಿಷಯ ಬರೆದಿಲ್ವಲ್ಲ?"

ಸರಿ, ಬರೀತೀನಿ. ಇಲ್ಲಿ ಲೆಕ್ಕ ಪಾಯಿಂಟಿನ ಮೇಲೆ, ಒಂದೊಂದು ವಿಷಯಕ್ಕೂ ಇಷ್ಟಿಷ್ಟು ಪಾಯಿಂಟು ಅಂತ. ಡಿಗ್ರಿಗೆ 124 ಪಾಯಿಂಟು. ಒಂದು ಪಾಯಿಂಟಿಗೆ ಎರಡು ಸಾವಿರ ಡಾಲರಿಗೂ ಮೇಲೆ. ಹೊರಗೆ ಓದಿದ್ದಕ್ಕೆ ಹೆಚ್ಚೆಂದರೆ 60 ಪಾಯಿಂಟು ಒಪ್ಪುತ್ತಾರೆ, ಆದರೆ ನನ್ನ ಎರಡು ವರ್ಷದ ಬಿಎಸ್ಸಿಗೆ ಎಷ್ಟು ಅಂತ ಇನ್ನೂ ಹೇಳಿಲ್ಲ. ಮೇನ್ ಕಾಲೇಜಿನ ಹುಡುಗರಿಗೆ ಮನೆಯ ಆದಾಯ ನೋಡಿ, ಕೊರತೆ ಬಿದ್ದದ್ದನ್ನೆಲ್ಲ ವಿಶ್ವವಿದ್ಯಾಲಯವೇ ತುಂಬುತ್ತೆ. ನಮಗೆ ಹಾಗಿಲ್ಲ. ಸ್ಕಾಲರ್‌ಶಿಪ್ ಅಂತ ಕೊಡ್ತಾರೆ, ಉಳಿದದ್ದು ಸಾಲ. ಕ್ಲಾಸಿನಲ್ಲಿ ಒಂದೇ ಬೆಂಚು, ಫೀಸು ಕಟ್ಟೋ ಕಡೆ ಬೇರೆ ಪಂಕ್ತಿ. ನಾನು ಸೆಮಿಸ್ಟರಿಗೆ ಎರಡು ಮೂರು ವಿಷಯ ತಗೊಂಡು, ಮಗಳ ಕಾಲೇಜೂ ನನ್ನ ಕಾಲೇಜೂ ಒಟ್ಟಿಗೆ ಮುಗಿಸಿದರೆ ಪುಣ್ಯ.

ಮತ್ತೆ, ಊರಿನಲ್ಲಿ ಬಾಗಿಲೇ ಇರಲಿಲ್ಲ ಅಂದರೂ ಸುಳ್ಳಾಗುತ್ತೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅಂಚೆ ತೆರಪಿನ ಶಿಕ್ಷಣ 1969ರಿಂದಲೇ ಇತ್ತು. 1996ರಲ್ಲಿ ಅದೇ ಮುಕ್ತ ವಿಶ್ವವಿದ್ಯಾಲಯ ಆಯಿತು. ನಮ್ಮ ಸೋದರಮಾವ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ರಾತ್ರಿ ಹಾಲ್ಟಿನ ಊರುಗಳಲ್ಲಿ ಬಸ್ಸಿನ ಒಳಗೇ ದೀಪ ಹಾಕಿಕೊಂಡು ಓದಿ ಬಿಎ ಮಾಡಿದರು. ಇತಿಹಾಸ, ಕನ್ನಡ. ನಾವು ಮಕ್ಕಳೆಲ್ಲ "ಪೋಸ್ಟ್ ಕಾರ್ಡ್ ಬಿಎ" ಅಂತ ನಗ್ತಿದ್ವಿ. ನಾನೇ ಜಾಸ್ತಿ ನಕ್ಕಿದ್ದು. "ಮಾವ, ಕಾಲೇಜಾ ಇಲ್ಲ ಕರೆಸ್ಪಾಂಡೆನ್ಸಾ?" ಅಂತ ಬಂದ ನೆಂಟರ ಮುಂದೆ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮಾವ ಟಿಕೆಟ್ ಬ್ಯಾಗ್ ಒರೆಸ್ತಾ, "ಎರಡೂ ಒಂದೇ ಕಣಮ್ಮ" ಅಂದಿದ್ದರು. 2011ರಲ್ಲಿ ನಾನು ಕಾಲೇಜಿನ ಆಫೀಸಿನಿಂದ ಅಳುತ್ತಾ ಮನೆಗೆ ಬಂದಾಗ, ಮೈಸೂರಿಗೆ ಒಂದು ಅರ್ಜಿ ಹಾಕು ಅಂತ ಹೇಳಿದವರೂ ಅವರೇ. ಹಾಕಲಿಲ್ಲ. ಮುಕ್ತ ವಿಶ್ವವಿದ್ಯಾಲಯದ ಡಿಗ್ರಿ ಅಂದರೆ ನಾಲ್ಕು ಜನ ಏನಂತಾರೋ ಅನ್ನಿಸಿತು.

ಹೋದ ವಾರ ತಿಪಟೂರಿನಿಂದ ಚಿಕ್ಕಮ್ಮನ ಮಗಳ ಫೋನ್ ಬಂತು. ಎರಡನೇ ಪಿಯುಸಿ ಆದಮೇಲೆ ಗಾರ್ಮೆಂಟ್ಸಿಗೆ ಸೇರಿದವಳು, ಒಂಬತ್ತು ವರ್ಷ ಆಯಿತು. "ಅಕ್ಕಾ, ನಿಂಗೆ ಸಿಕ್ಕಿದಂಥದ್ದು ನಮ್ಮ ಕಡೆ ಇದ್ಯಾ?" ಅಂದಳು. ಮೈಸೂರಿನದ್ದು ಹೇಳಿದೆ. ಕೆಲಸ ಬಿಡಬೇಕಾಗಿಲ್ಲ, ಪುಸ್ತಕ ಕೊಡ್ತಾರೆ, ನನ್ನ ಒಂದು ಪಾಯಿಂಟಿನ ದುಡ್ಡಿನಲ್ಲಿ ನಿನ್ನ ಪೂರ್ತಿ ಬಿಎ ಆಗಿ ದುಡ್ಡು ಮಿಗುತ್ತೆ ಕಣೇ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಗ್ಯಾಪ್ ಸರ್ಟಿಫಿಕೇಟ್ ಕೇಳ್ತಾರಾ?"

"ಕೇಳಿದ್ರೆ ಹೇಳು. ನನ್ನದೊಂದು ಇದೆ, ಫೋಟೋ ಕಳಿಸ್ತೀನಿ. ಆದ್ರೆ 'ಮನೆಯಲ್ಲಿಯೇ ಇದ್ದೆನು' ಅಂತ ಬರೆಸ್ಬೇಡ. ಗಾರ್ಮೆಂಟ್ಸು, ಒಂಬತ್ತು ವರ್ಷ ಅಂತ ಬರೆಸು."